ಕರೆಂಟ್ ಜಾಸ್ತಿ ಇರುವ ಜಾಗ

ನನ್ನ ಬಾಯಿ ಜೋರು ಅಂತ ನಮ್ಮ ಮನೆಯವರು ಹೇಳುವುದು ಸುಳ್ಳಲ್ಲ. ಗಂಗೊಳ್ಳಿ ಬಂದರಿನಲ್ಲಿ ಮೀನು ಏಲಂ ಕೂಗುವವರ ನಡುವೆ ಬೆಳೆದವಳು ನಾನು. ಮೆಲ್ಲ ಮಾತಾಡಿದರೆ ಅಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಆದರೆ ಇಷ್ಟು ವರ್ಷದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಬಾಯಿಯಿಂದ ಆದದ್ದಲ್ಲ, ಕಿವಿಯಿಂದ ಆದದ್ದು. ಒಂದು ಶಬ್ದ ಕೇಳಿದೆ, ಅದರ ಅರ್ಥ ನನಗೆ ಗೊತ್ತುಂಟು ಅಂದುಕೊಂಡೆ, ಬರೆದು ಕಳಿಸಿಬಿಟ್ಟೆ. ಅದರಿಂದ ತಲೆ ನೆರೆತ ಒಬ್ಬ ದೊಡ್ಡ ಮನುಷ್ಯರು ನಮ್ಮ ಆಫೀಸಿನಲ್ಲಿ ನಗೆಪಾಟಲಾದರು.

ನಾನು ಜಿದ್ದಾದ ಒಂದು ಕನ್ಸಲ್ಟೆಂಟ್ ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ಹುದ್ದೆಯ ಹೆಸರು ಉದ್ದ ಉಂಟು, ಕೆಲಸ ಇಷ್ಟೇ: ಬಂದ ಕಾಗದಕ್ಕೆ ನಂಬರ್ ಹಾಕು, ಹೋಗುವ ಕಾಗದಕ್ಕೆ ನಂಬರ್ ಹಾಕು, ಇಂಜಿನಿಯರುಗಳು ಬರೆದ ಇಂಗ್ಲಿಷ್ ತಿದ್ದು. ಗಂಡ ಬಂದರಿನ ಹತ್ತಿರ ಒಂದು ಗೋದಾಮಿನ ಸ್ಟೋರ್ ನೋಡಿಕೊಳ್ಳುತ್ತಾರೆ. ಮಗಳು ಇಂಡಿಯನ್ ಸ್ಕೂಲಿನಲ್ಲಿ ಏಳನೇ ಕ್ಲಾಸು. ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿ.

ಕೆಂಪು ಸಮುದ್ರದಲ್ಲಿ, ಜಿದ್ದಾದಿಂದ ತುಂಬ ಕೆಳಗೆ, ದಕ್ಷಿಣಕ್ಕೆ ಒಂದು ದ್ವೀಪ ಉಂಟು. ಅದಕ್ಕೆ ಕರೆಂಟ್ ಹೋಗುವುದು ಸಮುದ್ರದ ತಳದಲ್ಲಿ ಹಾಕಿದ ಕೇಬಲಿನಿಂದ. ಮೊದಲು ಎರಡು ಕೇಬಲ್ ಇದ್ದವು. ಒಂದು ಕೆಟ್ಟು ಎಷ್ಟೋ ವರ್ಷವಾಗಿ, ಹಾಗೇ ನೀರಿನಡಿ ಬಿದ್ದುಕೊಂಡಿತ್ತು. ಇನ್ನೊಂದು ಮುದಿ ಎತ್ತಿನ ಹಾಗೆ ಒಂದು ದಿನ ನಡೆದರೆ ಒಂದು ದಿನ ಮಲಗುತ್ತಿತ್ತು. ದ್ವೀಪದವರು ಕಟ್ಟುವ ಬಿಲ್ಲನ್ನೇ ನಂಬಿಕೊಂಡರೆ ಹೊಸ ಕೇಬಲ್ ಹಾಕಲು ಏಳು ಜನ್ಮ ಬೇಕು. ಹಾಗಾಗಿ ಸರ್ಕಾರವೇ ಸಹಾಯ ಕೊಟ್ಟು ಎರಡೂ ಕೇಬಲ್ ಹೊಸದಾಗಿ ಹಾಕಿಸುವ ಮಾತು ಶುರುವಾಯಿತು. ಆದರೆ ಸರ್ಕಾರ ಕೇಳಿದ ಕೂಡಲೇ ಕೊಡುತ್ತದಾ? ಹಳೆಯದು ಯಾಕೆ ಕೆಟ್ಟಿತು, ಎಲ್ಲಿ ಕೆಟ್ಟಿತು, ಹೊಸದೂ ಹಾಗೇ ಕೆಡುವುದಿಲ್ಲ ಅಂತ ಎಂತ ಗ್ಯಾರಂಟಿ, ಇದೆಲ್ಲ ಬರೆದು ಒಂದು ಫೈಲ್ ಕೊಡಬೇಕು. ಆ ಫೈಲ್ ಮಾಡುವ ಕೆಲಸ ನಮ್ಮ ಆಫೀಸಿಗೆ ಬಂತು.

ನನ್ನನ್ನು ದ್ವೀಪಕ್ಕೆ ಕಳಿಸಿದ್ದು ನಾನು ಜಾಣೆ ಅಂತಲ್ಲ, ಹೆಂಗಸು ಅಂತ. ಕರೆಂಟ್ ಹೋದರೆ ಮನೆಯಲ್ಲಿ ಎಂತೆಲ್ಲ ಆಗುತ್ತದೆ ಅಂತ ಜನರ ಹೇಳಿಕೆ ಬೇಕಿತ್ತು. ಗಂಡಸು ಇಂಜಿನಿಯರು ಹೋದರೆ ಮುಂದಿನ ಕೋಣೆಯಲ್ಲಿ ಕೂರಿಸಿ, ಅರಬ್ಬಿ ಕಾಫಿ ಕಾವಾ ಕೊಟ್ಟು, ಖರ್ಜೂರ ತಿನ್ನಿಸಿ, 'ಅಲ್‌ಹಮ್ದುಲಿಲ್ಲಾ, ಎಲ್ಲ ಚೆನ್ನಾಗಿದೆ' ಅಂತ ಕಳಿಸುತ್ತಾರೆ. ಅಡುಗೆಮನೆಗೆ ಬಿಡ್ತಾರಾ? ನಾನು ನನ್ನ ಮುರುಕು ಅರಬ್ಬಿ ಹಿಡಿದುಕೊಂಡು ಅಡುಗೆಮನೆಗಳಿಗೇ ಹೋದೆ. ಒಂದು ಮನೆಯಲ್ಲಿ ಫ್ರಿಜ್ಜಿನ ಹಿಡಿಗೆ ತಲೆವಸ್ತ್ರ ಸುತ್ತಿ ಗಂಟು ಹಾಕಿದ್ದರು. ಯಾಕೆ ಅಂತ ಕೇಳಿದೆ. ಒಳಗೆ ಗಂಡನ ಇನ್ಸುಲಿನ್ ಉಂಟಂತೆ. ಕರೆಂಟ್ ಹೋದ ಕೂಡಲೇ ಬಾಗಿಲು ಕಟ್ಟಿಬಿಡುವುದು, ಮಕ್ಕಳು ತೆರೆದು ತಣ್ಣಗಿನದ್ದು ಹೊರಗೆ ಹೋಗಬಾರದು ಅಂತ. ಅವತ್ತು ಕರೆಂಟ್ ಹೋಗಿ ಮೂರನೇ ದಿನ. ಆ ಹೆಂಗಸು ಗಂಟಿನ ಮೇಲೆ ಕೈ ಇಟ್ಟುಕೊಂಡೇ ನನ್ನ ಹತ್ತಿರ ಮಾತಾಡಿದಳು.

ಇನ್ನೊಂದು ಹೇಳಿಕೆ ಬಾಕಿ ಇತ್ತು. ಹಳೆಯ ಕೇಬಲಿನ ಕೆಲಸ ಮಾಡಿದವರು ಯಾರಾದರೂ ಇದ್ದರೆ ಅವರದ್ದೂ ಬೇಕು ಅಂತ ಸಹಾಯ ಕೊಡುವ ಸರ್ಕಾರಿ ಇಲಾಖೆ ಕೇಳಿತ್ತು. ಇದ್ದದ್ದು ಒಬ್ಬರೇ, ಭಟ್ಕಳದ ಸಾಹೇಬ್ರು. ಕೇಬಲ್ ನೀರಿನಿಂದ ಮೇಲೆ ಬಂದು ದ್ವೀಪದ ನೆಲ ಮುಟ್ಟುವಲ್ಲಿ ಒಂದು ಸಣ್ಣ ಶೆಡ್ ಉಂಟು. ಅದನ್ನು ನೋಡಿಕೊಂಡು ಅಲ್ಲೇ ಇದ್ದರು. ಬಿಳಿ ಗಡ್ಡ, ಮಡಚಿದ ಲುಂಗಿ, ಕೈ ಬೆರಳೆಲ್ಲ ಸುಟ್ಟ ಕಲೆ. ನಾನು ಗಂಗೊಳ್ಳಿಯವಳು ಅಂದ ಕೂಡಲೇ ಮುಖ ಅರಳಿತು. 'ಹೌದಾ ಮಾರಾಯ್ರೆ! ನಮ್ಮ ಊರಿಂದ ಒಂದು ಗಂಟೆ ದಾರಿ!' ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು, ಆದರೂ ಅಕ್ಕ ಅಂತಲೇ ಕರೆದರು. ಸುಲೈಮಾನಿ ಚಾ ಮಾಡಿ ಕೊಟ್ಟರು. ನನ್ನ ಜೊತೆ ಬಂದಿದ್ದ ಮೈಸೂರಿನ ಇಂಜಿನಿಯರ್ ಸರ್, 'ನಿಮ್ಮ ಕಡೆಯವರೇ ಅಲ್ವಾ, ನೀವೇ ಕೂತು ಬರ್ಕೊಂಬಿಡಿ' ಅಂತ ಹೇಳಿ ಶೆಡ್ಡಿನ ಫೋಟೋ ತೆಗೆಯಲು ಹೋದರು.

ಸಾಹೇಬ್ರು ಮೊದಲು ಹೇಳಿದ್ದು ಕೇಬಲಿನ ಕಥೆ ಅಲ್ಲ, ತಮ್ಮನ ಕಥೆ. ಅಣ್ಣ ತಮ್ಮ ಇಬ್ಬರೂ ಕೇಬಲ್ ಜಾಯಿಂಟ್ ಮಾಡುವ ಕೆಲಸಕ್ಕೆ ಒಟ್ಟಿಗೆ ಬಂದವರು. ಸಮುದ್ರದ ಕೇಬಲ್ ತುಂಡಾದರೆ ಎರಡು ತುದಿಯನ್ನೂ ಹಡಗಿನ ಮೇಲೆ ಎತ್ತಿ, ಪದರ ಪದರ ಬಿಚ್ಚಿ, ಮತ್ತೆ ಸೇರಿಸಿ ಕಟ್ಟಬೇಕು. ಒಂದು ಕೂದಲಿನಷ್ಟು ತೇವ ಒಳಗೆ ಉಳಿದರೂ ಕೆಲಸ ಕೆಟ್ಟಿತು. ತಮ್ಮನ ಕೈ ಅಣ್ಣನದ್ದಕ್ಕಿಂತ ಚೊಕ್ಕ. ದ್ವೀಪದ ಕೇಬಲ್ ಮೊದಲ ಸಲ ಹರಿದಾಗ ಜಾಯಿಂಟ್ ಮಾಡಿದ್ದು ತಮ್ಮ, ಪಕ್ಕದಲ್ಲಿ ನಿಂತು ಸಾಮಾನು ಕೊಟ್ಟದ್ದು ಅಣ್ಣ. ಎರಡು ವರ್ಷ ಕಳೆಯುವುದರೊಳಗೆ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಕೇಬಲ್ ಮತ್ತೆ ಕೆಟ್ಟಿತು. ಆಗಿನ ಕಂಪನಿಯವರು ದಡದಲ್ಲೇ ಮೀಟರ್ ಇಟ್ಟು ದೂರ ಅಳೆದರು. ಜಾಯಿಂಟ್ ಇರುವ ಜಾಗವೇ ಬಂತು. ಮೇಲೆ ಎತ್ತಿ ನೋಡುವ ಗೋಜಿಗೆ ಹೋಗಲಿಲ್ಲ. 'ಜಾಯಿಂಟ್ ಕೆಟ್ಟದ್ದು' ಅಂತ ಬರೆದು, ಕೇಬಲನ್ನು ಅಲ್ಲೇ ಬಿಟ್ಟು, ತಮ್ಮನನ್ನು ಊರಿಗೆ ಕಳಿಸಿದರು.

'ಅವನು ಆಮೇಲೆ ಆ ಕೆಲಸ ಮುಟ್ಲಿಲ್ಲ ಅಕ್ಕ. ನೆಂಟರ ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೀತಾ ಇದ್ದಾನೆ. ಮನೆಯಲ್ಲಿ ಫ್ಯೂಸ್ ಹೋದ್ರೂ ಬೇರೆಯವರನ್ನು ಕರೆಸ್ತಾನೆ. ಕೆಟ್ಟ ಜಾಯಿಂಟಿನವನು ಅಂತ ಊರಲ್ಲೇ ಹೆಸರು. ಗಲ್ಫಿಗೆ ಹೋದವರ ಸುದ್ದಿ ಊರಿಗೆ ಮುಟ್ಲಿಕ್ಕೆ ತಿಂಗಳು ಬೇಕಿತ್ತು ಆಗ. ಇದು ಮಾತ್ರ ಅವನಿಗಿಂತ ಮೊದಲೇ ಮುಟ್ಟಿತು.'

ಸಾಹೇಬ್ರಿಗೆ ವಯಸ್ಸಾಗಿತ್ತು, ಇಲ್ಲಿ ಇರಲು ಬೇಕಾದ ಪರ್ಮಿಟ್, ಇಕಾಮಾ, ಇನ್ನು ಮುಂದುವರಿಸುವುದಿಲ್ಲ ಅಂತ ಕಂಪನಿಯವರು ಹೇಳಿದ್ದರು. ಕೆಲವೇ ತಿಂಗಳಲ್ಲಿ ಎಲ್ಲ ಮುಗಿಸಿ ಊರಿಗೆ ಹೊರಡುವವರು. ಹೋಗುವುದರೊಳಗೆ ಆ ಜಾಯಿಂಟ್ ಕೆಟ್ಟದ್ದಲ್ಲ ಅಂತ ಯಾವುದಾದರೂ ಒಂದು ಸರ್ಕಾರಿ ಕಾಗದದಲ್ಲಿ ಬರಬೇಕು. ಅವರಿಗೆ ಬೇಕಾದದ್ದು ಅಷ್ಟೇ. ಆಮೇಲೆ ಹೇಳಿಕೆ ಹೇಳಿದರು. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಈಗಲೂ ಉಂಟು ನನ್ನ ಹತ್ತಿರ.

'ಬರ್ಕೊಳ್ಳಿ ಅಕ್ಕ. ನೀರಿನ ಅಡಿಯಲ್ಲಿ ಎರಡು ಬಂಡೆ ಗುಡ್ಡೆ ಉಂಟು. ನಡುವಿನಲ್ಲಿ ಒಂದು ಓಣಿ. ಕೇಬಲ್ ಹೋಗುದು ಆ ಓಣಿಯಲ್ಲಿ. ಅಲ್ಲಿ ಕರೆಂಟ್ ಜಾಸ್ತಿ. ಚಳಿಗಾಲದಲ್ಲಿ ಅಂತೂ ಸಿಕ್ಕಾಪಟ್ಟೆ. ಕೇಬಲ್ ತಡ್ಕೊಳ್ಳುದಿಲ್ಲ. ಜಾಯಿಂಟಿನ ತಪ್ಪಲ್ಲ ಅದು, ಕರೆಂಟಿನ ತಪ್ಪು. ಹೊಸ ಕೇಬಲ್ ಅಲ್ಲಿ ಹಾಕ್ಬೇಡಿ ಅಂತ ಹೇಳಿ.'

ಜಿದ್ದಾಕ್ಕೆ ಬಂದು ನಾನು ಇದನ್ನು ಇಂಗ್ಲಿಷಿಗೆ ಮಾಡಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂತಾರಲ್ಲ, ಹಾಗೆ. 'ಆ ಭಾಗದಲ್ಲಿ ವಿದ್ಯುತ್ ಲೋಡ್ ಅತಿಯಾಗಿ ಹೆಚ್ಚು, ಕೇಬಲಿಗೆ ಅದನ್ನು ಹೊರುವ ಶಕ್ತಿ ಇಲ್ಲ' ಅಂತ ಬರೆದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಒಂದು ಲೆಕ್ಕ. ಚಳಿಗಾಲದಲ್ಲಿ ಯಾಕೆ ಜಾಸ್ತಿ ಅಂತ ಓದಿದವರಿಗೆ ಅರ್ಥವಾಗಲಿ ಅಂತ ನನ್ನದೇ ಅಧಿಕಪ್ರಸಂಗ ಸೇರಿಸಿದೆ: 'ಬಹುಶಃ ರೂಮ್ ಹೀಟರ್ ಬಳಕೆಯಿಂದ.' ಜನವರಿಯಲ್ಲೂ ಫ್ಯಾನ್ ಹಾಕಿಕೊಂಡು ಮಲಗುವ ದ್ವೀಪ ಅದು!

ಇಂಜಿನಿಯರ್ ಸರ್ ಓದಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು. 'ಕರೆಂಟ್ ಏನ್ ಸಿಟಿ ಬಸ್ಸಾ ಮೇಡಂ, ಒಂದು ಸ್ಟಾಪಲ್ಲಿ ರಶ್ಶು, ಇನ್ನೊಂದು ಸ್ಟಾಪಲ್ಲಿ ಖಾಲಿ? ಈ ತುದಿಯಿಂದ ಆ ತುದಿವರೆಗೂ ಒಂದೇ ಕರೆಂಟ್ ರೀ ಹರಿಯೋದು. ಪಾಪ, ತಮ್ಮನ್ನ ಉಳಿಸೋಕೆ ಏನೋ ಹೇಳ್ತಿದಾರೆ ಯಜಮಾನ್ರು.' ಹೇಳಿಕೆಯ ಕೆಳಗೆ ಒಂದು ಸಾಲು ಬರೆದು ಸಹಿ ಹಾಕಿದರು: ತಾಂತ್ರಿಕವಾಗಿ ಒಪ್ಪತಕ್ಕದ್ದಲ್ಲ, ಪರಿಗಣಿಸಿಲ್ಲ. ಆ ಕಾಗದಕ್ಕೂ ನಾನೇ ನಂಬರ್ ಹಾಕಿದೆ. ಹೀಟರಿನ ಸಂಗತಿ ಆಫೀಸು ತುಂಬ ಹರಡಿತು. ಹುಡುಗ ಇಂಜಿನಿಯರುಗಳು ಸಾಹೇಬ್ರಿಗೆ 'ಲೋಡ್ ಚಾಚಾ' ಅಂತ ಹೆಸರಿಟ್ಟರು. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕಿದ್ದೇನೆ.

ಸಾಹೇಬ್ರು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. 'ಅಕ್ಕ, ಕಾಗದ ಹೋಯ್ತಾ?' 'ಹೋಯ್ತು ಸಾಹೇಬ್ರೇ.' 'ಎಂತ ಹೇಳಿದ್ರು?' 'ಇನ್ನೂ ಎಂತ ಹೇಳ್ಲಿಲ್ಲ.' ಪರಿಗಣಿಸಿಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಅಷ್ಟು ಜೋರು ಬಾಯಿ, ಅದೇ ಹೊತ್ತಿಗೆ ಎಲ್ಲಿ ಹೋಗುತ್ತದೋ! ಅಷ್ಟರಲ್ಲಿ ಸರ್ಕಾರದ ಒಪ್ಪಿಗೆ ಬಂತು, ಸಹಾಯ ಕೊಡುತ್ತೇವೆ ಅಂತ. ಆಫೀಸಿನಲ್ಲಿ ಬಸ್ಬೂಸಾ ಹಂಚಿದರು. ಹೊಸ ಕೇಬಲಿನ ದಾರಿಯ ನಕ್ಷೆ ಗೋಡೆಗೆ ಅಂಟಿಸಿದರು. ಹಳೆಯ ದಾರಿಯ ಪಕ್ಕಪಕ್ಕದಲ್ಲೇ, ಆ ಓಣಿಯಲ್ಲೇ, ಕೆಂಪು ಗೆರೆ. ನಾನೂ ಒಂದು ತುಂಡು ಸಿಹಿ ತಿಂದೆ. ಆ ಫ್ರಿಜ್ಜಿಗೆ ಇನ್ನು ಗಂಟು ಹಾಕುವುದು ತಪ್ಪುತ್ತದಲ್ಲ ಅಂತ ಸಂತೋಷವೇ ಆಯಿತು.

ಒಂದು ಶುಕ್ರವಾರ ಬೆಳಿಗ್ಗೆ ನಾನು ದೋಸೆ ಹೊಯ್ಯುತ್ತಿದ್ದೆ. ಮಗಳು ಊಟದ ಮೇಜಿನಲ್ಲಿ ಕೂತು ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದಳು, ರಾಗವಾಗಿ: 'ವಾರ್ಮ್ ಕರೆಂಟ್, ಕೋಲ್ಡ್ ಕರೆಂಟ್...' ನನಗೆ ಮೊದಲೇ ಕಾವಲಿ ಕಾಯದೆ ಸಿಟ್ಟು ಬಂದಿತ್ತು.

'ಎಂತದು ಮಾರಾಯ್ತಿ ಅದು? ಕರೆಂಟಿನಲ್ಲಿ ಬಿಸಿಯದ್ದು, ತಣ್ಣಗಿನದ್ದು ಅಂತ ಉಂಟಾ? ಮುಟ್ಟಿ ನೋಡಿದವರು ಯಾರು?'

ಅವಳು ಕಣ್ಣು ಮೇಲೆ ಮಾಡಿ ಉಸಿರು ಬಿಟ್ಟಳು. 'ಅಮ್ಮಾ, ಪ್ಲೀಸ್. ಇದು ಲೈಟಿಂದು ಅಲ್ಲ. ಸಮುದ್ರದ ನೀರು ಓಡ್ತದಲ್ಲ, ಅದಕ್ಕೂ ಕರೆಂಟ್ ಅಂತ್ಲೇ ಹೇಳುದು. ಎವ್ರಿಬಡಿ ನೋಸ್.'

ಸಟ್ಟುಗ ಕೈಯಲ್ಲೇ ಉಳಿಯಿತು. ದೋಸೆ ಸೀದು ಹೊಗೆ ಎದ್ದದ್ದು ನನಗೆ ಗೊತ್ತಾಗಲಿಲ್ಲ. ಗಂಡ ಒಳಗಿಂದ ಬಂದು ಗ್ಯಾಸ್ ಆರಿಸಿ, 'ಎಂತ ಆಯ್ತು ನಿಂಗೆ?' ಅಂತ ಕೇಳಿದರು. ನಮ್ಮ ಊರಲ್ಲಿ ಕರೆಂಟ್ ಅಂದರೆ ಒಂದೇ. ಬಂತು, ಹೋಯ್ತು, ಹೊಡೀತು, ಎಲ್ಲ ಅದೇ ಕರೆಂಟ್. ನೀರಿನದ್ದಕ್ಕೆ ನಾವು ಸೆಳೆತ ಅಂತೇವೆ. ನಮ್ಮ ಅಳಿವೆಯಲ್ಲಿ ಸೆಳೆತಕ್ಕೆ ದೋಣಿ ಮಗುಚಿದ್ದನ್ನು ದಡದಲ್ಲಿ ನಿಂತು ಕಣ್ಣಾರೆ ಕಂಡವಳು ನಾನು. ಸಾಹೇಬ್ರು ಸಮುದ್ರದ ಕೆಲಸ ಕಲಿತದ್ದು ಊರಲ್ಲಲ್ಲ, ಕೇಬಲ್ ಹಡಗಿನಲ್ಲಿ, ವಿದೇಶದವರ ಹತ್ತಿರ. ಅವರ ಮನೆಮಾತು ನವಾಯತಿ, ನನ್ನ ಹತ್ತಿರ ಆಡಿದ್ದು ಕನ್ನಡ, ಅದರ ನಡುವೆ ಈ ಒಂದು ಶಬ್ದ ಹಡಗಿನದ್ದು. ಕಡಲ ಮಕ್ಕಳು ಇಬ್ಬರು ಕೂತು ಕಡಲಿನ ವಿಷಯ ಮಾತಾಡಿದ್ದು, ನಾನು ಅದನ್ನು ರೂಮ್ ಹೀಟರಿಗೆ ತಂದು ಮುಟ್ಟಿಸಿದ್ದು!

ಆಗಲೇ ಫೋನ್ ಮಾಡಿದೆ. 'ಸಾಹೇಬ್ರೇ, ಅವತ್ತು ಕರೆಂಟ್ ಜಾಸ್ತಿ ಅಂದ್ರಲ್ಲ, ಯಾವ ಕರೆಂಟ್? ಬಲ್ಬಿನದ್ದಾ, ನೀರಿನದ್ದಾ?'

'ಯಾ ಅಲ್ಲಾ! ಬಲ್ಬಿನದ್ದು ಓಣಿಯಲ್ಲಿ ಯಾಕೆ ಜಾಸ್ತಿ ಆಗ್ತದೆ ಅಕ್ಕ? ನೀರಿನದ್ದು! ಎರಡು ಬಂಡೆ ನಡುವೆ ನೀರು ನುಗ್ಗುದು. ಕೇಬಲ್ ಆಚೆ ಈಚೆ ಅಲ್ಲಾಡಿ ಬಂಡೆಗೆ ಉಜ್ಜುದು. ಬಾವಿಕಟ್ಟೆಗೆ ಹಗ್ಗ ಉಜ್ಜಿ ಸವೀತದಲ್ಲ, ಹಾಗೆ.'

ಎಲ್ಲ ಹೇಳಿದೆ. ನಾನು ಬರೆದದ್ದು, ಹೀಟರ್, ಸರ್ ನಕ್ಕದ್ದು, ಪರಿಗಣಿಸಿಲ್ಲ ಅಂತ ಸಹಿ ಬಿದ್ದದ್ದು, ವಾರ ವಾರ ನಾನು ಸುಳ್ಳು ಹೇಳಿದ್ದು. ಅಡ್ಡಹೆಸರಿನ ವಿಷಯ ಮಾತ್ರ ಹೇಳಲಿಲ್ಲ, ನಾಚಿಕೆಯಾಯಿತು. ಬೈಯಲಿ, ಬೈದರೆ ಹಗುರಾಗುತ್ತದೆ ಅಂತ ಕಾದೆ. ಬೈಯಲಿಲ್ಲ.

'ನನ್ನದು ಬಿಡಿ,' ಅಂದರು ಕಡೆಗೆ. 'ತಮ್ಮನದ್ದು ಹಾಗಾದ್ರೆ ಹಾಗೇ ಉಳೀತಾ? ಇನ್ನು ತಿದ್ಲಿಕ್ಕೆ ಆಗ್ತದಾ ಅಕ್ಕ? ನಾನು ಎರಡು ತಿಂಗಳಲ್ಲಿ ಹೊರಟೆ.'

ತಿದ್ದಬೇಕಾದರೆ ತಪ್ಪು ನನ್ನದು ಅಂತ ಬರೆದು ಕೊಡಬೇಕು. ಒಪ್ಪಿಗೆ ಬಂದ ಫೈಲನ್ನು ಮತ್ತೆ ಬಿಚ್ಚಬೇಕು. ಸರ್ ಸಹಿಯನ್ನೇ ಸುಳ್ಳು ಮಾಡಬೇಕು. ನನ್ನ ಕಾಂಟ್ರಾಕ್ಟ್ ಮುಂದುವರಿಸುವ ತಿಂಗಳು ಬೇರೆ ಹತ್ತಿರ ಬಂದಿತ್ತು. ಗಂಡ ಹೇಳಿದರು, 'ಸುಮ್ನೆ ಇರು. ಹೊಸ ಕೇಬಲ್ ಹಾಕುವವರು ಅವರೇ ಅಳೆದು ನೋಡ್ತಾರೆ.' ನೋಡಲೂಬಹುದು, ನೋಡದಿರಲೂಬಹುದು. ಹಿಂದಿನವರು ಕೇಬಲ್ ಎತ್ತಿ ನೋಡಿದ್ದರಾ? ಶುಕ್ರವಾರ, ಶನಿವಾರ ಎರಡು ದಿನ ರಜೆ. ಎರಡು ದಿನವೂ ನನಗೆ ಅನ್ನ ಸೇರಲಿಲ್ಲ. ಮಗಳ ಮೇಲೆ, ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಭಾನುವಾರ ಬೆಳಿಗ್ಗೆ ಆಫೀಸಿಗೆ ಹೋದವಳು ಬ್ಯಾಗನ್ನೂ ಇಡದೆ ಸರ್ ಮುಂದೆ ನಿಂತೆ. ಒಂದು ಸಲ ಕೂತರೆ ಮತ್ತೆ ಏಳುವ ಧೈರ್ಯ ಇರುವುದಿಲ್ಲ ಅಂತ ನನಗೆ ಗೊತ್ತಿತ್ತು.

ಸರ್ ಪೂರ್ತಿ ಕೇಳಿದರು. ಮುಖ ಕೆಂಪಾಯಿತು. 'ಕೆಳಗೆ ನನ್ನ ಸಹಿ ಇದೆ, ಗೊತ್ತಾ ನಿಮಗೆ?'

'ಗೊತ್ತು ಸರ್.'

'ನೀವು ಸಮುದ್ರದ ಕಡೆಯವರೇ ಅಲ್ವೇನ್ರೀ?'

'ಅದಕ್ಕೇ ಸರ್ ಇಷ್ಟು ಹೊಟ್ಟೆ ಉರಿಯುವುದು.'

ರೆಕಾರ್ಡಿಂಗ್ ಹಾಕಿ ಅಂದರು. ಹಾಕಿದೆ. 'ಅಲ್ಲಿ ಕರೆಂಟ್ ಜಾಸ್ತಿ, ಚಳಿಗಾಲದಲ್ಲಿ ಅಂತೂ ಸಿಕ್ಕಾಪಟ್ಟೆ.' ಎರಡು ಸಲ ಕೇಳಿದರು. ಎದ್ದು ಗೋಡೆಯ ನಕ್ಷೆಯ ಹತ್ತಿರ ಹೋಗಿ, ಓಣಿಯ ಮೇಲೆ ಬೆರಳಿಟ್ಟುಕೊಂಡು ನಿಂತರು. 'ಮೂವತ್ತು ವರ್ಷ ಕೇಬಲ್ ಬಿಚ್ಚಿ ಕಟ್ಟಿದ ಮನುಷ್ಯ ಅಂಥ ಮಾತು ಆಡ್ತಾರಾ ಅಂತ ನಂಗಾದ್ರೂ ಅನ್ನಿಸ್ಬೇಕಿತ್ತು. ನಾನು ನಕ್ಬಿಟ್ಟೆ,' ಅಂದರು. ಆಮೇಲೆ ತಮ್ಮ ಜಾಗದಲ್ಲಿ ಕೂತು, 'ಬರೀರಿ, ಇಬ್ಬರ ತಪ್ಪೂ ಬರೀರಿ' ಅಂದರು. ಆ ಮನುಷ್ಯನ ಮೇಲೆ ನನಗೆ ಅಲ್ಲಿಯವರೆಗೆ ಅಷ್ಟೇನೂ ಗೌರವ ಇರಲಿಲ್ಲ. ಅವತ್ತಿನಿಂದ ಬಂತು.

ಪತ್ರ ಇಲಾಖೆಗೆ ಹೋಯಿತು. ನಮ್ಮ ದೊಡ್ಡ ಮ್ಯಾನೇಜರ್ ನನಗೊಂದು ಎಚ್ಚರಿಕೆ ಪತ್ರ ಕೊಟ್ಟರು. ಒಳಗೆ ಬಂದ ಕಾಗದ ಅಂದ ಮೇಲೆ ನನ್ನದೇ ಕೆಲಸ ತಾನೆ? ಅದಕ್ಕೂ ನಂಬರ್ ಹಾಕಿ ಫೈಲಿಗೆ ಸೇರಿಸಿದೆ. ಇಲಾಖೆಯಿಂದ ಒಬ್ಬಳು ಚಿಕ್ಕ ವಯಸ್ಸಿನ ಸೌದಿ ಇಂಜಿನಿಯರ್ ಫೋನ್ ಮಾಡಿದಳು, ಒಂದೇ ಪ್ರಶ್ನೆ: ನಿಮ್ಮ ಭಾಷೆಯಲ್ಲಿ ಸಮುದ್ರದ ಕರೆಂಟಿಗೆ ಬೇರೆ ಶಬ್ದ ಇದೆಯಾ? ಇದೆ ಅಂದೆ. 'ನಮ್ಮ ಅರಬ್ಬಿಯಲ್ಲಿ ಎರಡಕ್ಕೂ ತಯ್ಯಾರ್ ಅಂತಲೇ, ನೀನು ನನ್ನನ್ನು ಕೇಳಿದ್ದರೆ ಈ ತೊಂದರೆಯೇ ಇರಲಿಲ್ಲ' ಅಂತ ನಕ್ಕಳು. ಆಮೇಲೆ ಗಂಭೀರವಾಗಿ, ಸರ್ವೆ ಹಡಗಿಗೆ ಆ ಓಣಿಯಲ್ಲಿ ನೀರಿನ ಓಟ ಅಳೆಯಲು ಹೇಳುತ್ತೇನೆ, ತಳಕ್ಕೆ ಕ್ಯಾಮರಾ ಇಳಿಸಿ ಹಳೆಯ ಕೇಬಲನ್ನೂ ನೋಡಲು ಹೇಳುತ್ತೇನೆ ಅಂದಳು.

ಕಾಯುವುದು ಅಂದರೆ ನನಗೆ ಆಗದ ಕೆಲಸ. ಈ ಸಲ ಸಾಹೇಬ್ರು ಫೋನ್ ಮಾಡಲಿಲ್ಲ, ನಾನೇ ವಾರ ವಾರ ಮಾಡಿದೆ. ಗಾಳಿ ಎದ್ದು ಹಡಗು ಎರಡು ವಾರ ಬಂದರಿನಲ್ಲೇ ನಿಂತಿತು. ಸಾಹೇಬ್ರ ಟಿಕೆಟ್ ಆಯಿತು. ಸಾಮಾನು ಕಟ್ಟಿದರು. ಜಾಯಿಂಟ್ ನಿಜವಾಗಿ ಕೆಟ್ಟದ್ದೇ ಆಗಿದ್ದರೆ? ಈ ಯೋಚನೆ ನನಗೆ ಬಸ್ಸಿನಲ್ಲಿ, ಆಫೀಸಿನಲ್ಲಿ, ಎಲ್ಲ ಕಡೆ ಬಂತು. ಅಣ್ಣನಿಗೆ ತಮ್ಮನ ಮೇಲೆ ಪ್ರೀತಿ ಇದ್ದ ಮಾತ್ರಕ್ಕೆ ಜಾಯಿಂಟ್ ಸರಿ ಇರಬೇಕು ಅಂತ ಉಂಟಾ? ಒಂದು ದಿನ ಧೈರ್ಯ ಮಾಡಿ ಕೇಳಿಯೇ ಬಿಟ್ಟೆ. ಸಾಹೇಬ್ರು, 'ಕೆಟ್ಟದ್ದು ಅಂತ ಬಂದ್ರೆ ಹಾಗೇ ಹೇಳಿ ಅಕ್ಕ. ಅವನಿಗೂ ಈಗ ಅದೇ ಅನ್ನಿಸ್ತದೆ, ತಾನೇ ಎಲ್ಲೋ ತಪ್ಪಿದೆ ಅಂತ. ಯಾವುದೋ ಒಂದು ಗೊತ್ತಾಗ್ಲಿ' ಅಂದರು. ಇಷ್ಟು ವರ್ಷ ಊರಿನವರ ಬಾಯಲ್ಲಿ ಅದೇ ಮಾತು ಕೇಳಿ ಕೇಳಿ ತಮ್ಮ ತನ್ನ ಕೈಯನ್ನೇ ನಂಬುವುದು ಬಿಟ್ಟಿದ್ದರು. ಅವತ್ತು ಫೋನ್ ಇಟ್ಟು ಪ್ಯಾಂಟ್ರಿಯಲ್ಲಿ ನಿಂತು ಅತ್ತೆ.

ಸರ್ವೆಯ ವರದಿ ಬಂದದ್ದು ಸಾಹೇಬ್ರು ವಿಮಾನ ಹತ್ತುವ ಹಿಂದಿನ ದಿನ. ಅವರು ಆಗಲೇ ಜಿದ್ದಾಕ್ಕೆ ಬಂದು ಯಾರದೋ ರೂಮಿನಲ್ಲಿ ಉಳಿದಿದ್ದರು. ಆಫೀಸಿಗೆ ಬನ್ನಿ ಅಂದೆ. ಮಧ್ಯಾಹ್ನದ ನಮಾಜ್ ಮುಗಿಸಿ ಇಸ್ತ್ರಿ ಹಾಕಿದ ಅಂಗಿಯಲ್ಲಿ ಬಂದರು. ಸರ್ ಎದ್ದು ನಿಂತು ಅವರ ಕೈ ಹಿಡಿದುಕೊಂಡು ಕುರ್ಚಿ ಕೊಟ್ಟರು. ನಾನು ವರದಿಯ ಆ ಪುಟವನ್ನು ತೆಗೆದು ಕನ್ನಡದಲ್ಲಿ ಹೇಳಿದೆ. ಓಣಿಯಲ್ಲಿ ನೀರಿನ ಸೆಳೆತ ತುಂಬ ಹೆಚ್ಚು, ಹೊಸ ಕೇಬಲನ್ನು ಗುಡ್ಡೆಯ ಆಚೆಯಿಂದ ಸುತ್ತಿಸಿ ಹಾಕಬೇಕು.

'ಸೆಳೆತ ಅಂದ್ರೆ?' ಅಂತ ಸಾಹೇಬ್ರು ಕೇಳಿದರು.

'ನೀವು ಹೇಳಿದ್ದೇ ಸಾಹೇಬ್ರೇ. ನೀರಿನದ್ದು.'

'ಹ್ಞಾಂ. ಮತ್ತೆ?'

'ಹಳೆಯ ಕೇಬಲ್ ಸಿಕ್ಕಿದೆ. ಜಾಯಿಂಟಿನಿಂದ ಹತ್ತಾರು ಹೆಜ್ಜೆ ಆಚೆ, ಬಂಡೆಯ ಅಂಚಿಗೆ ಉಜ್ಜಿ ಸವೆದು ಹರಿದಿದೆ. ಜಾಯಿಂಟ್ ಸುಸ್ಥಿತಿಯಲ್ಲಿದೆ.'

ಸಾಹೇಬ್ರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಸರ್ ಕಿಟಕಿಯ ಕಡೆ ತಿರುಗಿದರು. ಸ್ವಲ್ಪ ಹೊತ್ತಿನ ಮೇಲೆ ಸಾಹೇಬ್ರು ಕಣ್ಣೊರೆಸಿಕೊಂಡು ಊರಿಗೆ ಫೋನ್ ಮಾಡಿದರು, ಸ್ಪೀಕರಿನಲ್ಲಿಟ್ಟು ಮೇಜಿನ ಮೇಲೆ ಇಟ್ಟರು. ನವಾಯತಿಯಲ್ಲಿ ಏನೋ ಹೇಳಿ ನನಗೆ ಸನ್ನೆ ಮಾಡಿದರು. ನಾನು ಆ ಸಾಲುಗಳನ್ನು ತಮ್ಮನಿಗೆ ಓದಿ ಹೇಳಿದೆ.

ಆ ಕಡೆಯಿಂದ ಅಣ್ಣನದ್ದಕ್ಕಿಂತ ಸಣ್ಣ ಸ್ವರ, ಕನ್ನಡದಲ್ಲಿ:

'ಅಕ್ಕ, ಅದರಲ್ಲಿ ನನ್ನ ಹೆಸರು ಉಂಟಾ?'

ಪುಟ ತಿರುಗಿಸಿ ನೋಡಿದೆ. ಇರುವುದಿಲ್ಲ ಅಂತ ಗೊತ್ತಿದ್ದೂ ನೋಡಿದೆ. ಹಡಗಿನ ಹೆಸರಿತ್ತು, ಕ್ಯಾಮರಾದ ಹೆಸರಿತ್ತು, ಸಹಿ ಮಾಡಿದವರ ಹೆಸರುಗಳಿದ್ದವು.

'ಇಲ್ಲ,' ಅಂದೆ. 'ಜಾಯಿಂಟ್ ಸುಸ್ಥಿತಿಯಲ್ಲಿದೆ ಅಂತ ಮಾತ್ರ ಉಂಟು.'

'ಹ್ಞಾಂ. ಇರ್ಲಿ. ಒಂದು ನಿಮಿಷ ನಿಲ್ಲಿ ಅಕ್ಕ, ಇಡ್ಬೇಡಿ. ಮನೆಯವಳನ್ನು ಕರೀತೇನೆ. ಮಕ್ಕಳನ್ನೂ ಕರೀತೇನೆ. ಇನ್ನೊಮ್ಮೆ ಓದಿ.'

ಅವರು ಕೂಗಿ ಕರೆದದ್ದು ಕೇಳಿಸಿತು. ಒಳಗಿನಿಂದ ಯಾರೋ ಕೇಳಿದರು, ಯಾರೋ ಬಾಗಿಲು ತೆರೆದರು, ಒಂದು ಮಗು ಅತ್ತಿತು, ಅದನ್ನು ಸುಮ್ಮನಾಗಿಸಿದರು. ನಾನು ಅಷ್ಟರಲ್ಲಿ ಒಂದು ಚೀಟಿಯನ್ನು ಸಾಹೇಬ್ರ ಮುಂದೆ ತಳ್ಳಿ, ತಮ್ಮನ ಪೂರ್ತಿ ಹೆಸರು, ತಂದೆಯ ಹೆಸರು ಸೇರಿಸಿ ಬರೆದು ಕೊಡಿ ಅಂತ ಸನ್ನೆ ಮಾಡಿದೆ. ಸರ್ ನನ್ನನ್ನು ನೋಡಿದರು. ಜೇಬಿನ ಪೆನ್ನು ತೆಗೆದು ಸಾಹೇಬ್ರ ಕೈಗೆ ಕೊಟ್ಟರು.

'ಎಲ್ಲರೂ ಬಂದ್ರು,' ಅಂದರು ತಮ್ಮ. 'ಈಗ ಓದಿ.'

ವರದಿಯನ್ನೂ ಚೀಟಿಯನ್ನೂ ಕೈಯಲ್ಲಿ ಹಿಡಿದು, ಏಲಂ ಕೂಗುವವರ ಹಾಗೆ ಗಂಟಲು ಬಿಟ್ಟು, ವರದಿಯಲ್ಲಿ ಇಲ್ಲದ ಆ ಹೆಸರಿನಿಂದ ಶುರುಮಾಡಿ ಓದಿದೆ.